ಎರಡನೆಯ ಬೊಂಡ

ಸೌಮ್ಯಶ್ರೀ ಬೊಂಡದ ತಲೆ ಕೆತ್ತಿ ಎಳನೀರನ್ನು ಲೋಟಕ್ಕೆ ಬಗ್ಗಿಸುವಾಗ ಗಂಡ ರೋಹಿತ್ ಜಗಲಿಯಲ್ಲಿ ಕೂತಲ್ಲಿ ಕೂರಲಾರದೆ ಚಡಪಡಿಸುತ್ತಿದ್ದ. ಮುಂಬೈಯ ಕ್ಯಾಂಟೀನಿನಿಂದ ರಜೆಗೆಂದು ತನ್ನೂರು ಬೀಜಾಡಿಗೆ ಬಂದು ಹತ್ತು ದಿನವಾಗಿತ್ತು. ಬಂದಾಗಿನಿಂದ ಉಚ್ಚೆ ಹೊಯ್ಯುವಾಗ ಉರಿ. ಉಷ್ಣ ಎಂದು ಅವನೇ ಹೇಳಿದ್ದ; ಅವಳು ನಂಬಿ ದಿನವೂ ಬೊಂಡ ಕೆತ್ತಿ ಕೊಡುತ್ತಿದ್ದಳು.

ನಿನ್ನೆ ಕುಂದಾಪುರದ ಡಾಕ್ಟರು ಮಾತ್ರ ಉಷ್ಣದ ಸುದ್ದಿಯನ್ನೇ ಎತ್ತಲಿಲ್ಲ. ಮುಂಬೈಯಲ್ಲಿ ಯಾರ ಜೊತೆಗಾದರೂ ಮಲಗಿದ್ದಿರಾ ಎಂದು ನೇರವಾಗಿ ಕೇಳಿದರು. ಪರೀಕ್ಷೆ ಮಾಡಿಸಿ ರೋಗದ ಹೆಸರು ಬರೆದು, ಕೆಳಗೆ 'ಹೆಂಡತಿಗೂ ಚಿಕಿತ್ಸೆ ಆಗಲೇಬೇಕು' ಎಂದು ಗೆರೆ ಎಳೆದು ಕೊಟ್ಟರು. ಆ ಚೀಟಿ ಈಗ ಅವನ ಅಂಗಿಯ ಜೇಬಿನಲ್ಲಿತ್ತು. ಮುಟ್ಟಿ ಮುಟ್ಟಿ ಅದರ ಮಡಿಕೆ ಹರಿಯುವುದೊಂದು ಬಾಕಿ.

"ತಕಣಿ," ಎಂದು ಲೋಟ ಕೊಟ್ಟ ಸೌಮ್ಯಶ್ರೀ ಇನ್ನೊಂದು ಬೊಂಡ ಕೆತ್ತತೊಡಗಿದಳು.

"ಅದ್ ಯಾರಿಗ್?"

"ನಂಗೆ. ಎರ್ಡ್ ದಿನ ಆಯ್ತ್, ನಂಗೂ ಉರಿ. ನಿಮ್ಮ್ ಉಷ್ಣ ನಂಗೂ ಬಂತ್ ಕಾಣಿ," ಎಂದು ನಕ್ಕಳು.

ರೋಹಿತ್ ಕುಡಿಯದೆ ಲೋಟ ಕೆಳಗಿಟ್ಟ. ಚೀಟಿ ತೆಗೆದು ಅವಳ ಕೈಗೆ ಕೊಟ್ಟ. "ಇದ್ ಉಷ್ಣ ಅಲ್ಲ. ಮುಂಬೈಯಿಂದ ನಾನೇ ತಂದದ್ದ್."

ಅವಳು ಎರಡು ಸಲ ಓದಿದಳು. ಕೆತ್ತಿದ ಬೊಂಡವನ್ನು ಹಾಗೆಯೇ ಅಂಗಳಕ್ಕೆ ಬಗ್ಗಿಸಿ ಎದ್ದಳು.

"ಏಳಿ, ಮೊದ್ಲ್ ಡಾಕ್ಟ್ರ್ ಹತ್ರ ಹೋಪ. ನೀವ್ ವಾಪಸ್ ಈ ಮನಿಗ್ ಬಪ್ದಾ ಬ್ಯಾಡ್ದಾ, ಅದನ್ನ್ ನಾನ್ ಆಮೇಲ್ ಹೇಳ್ತೆ."