ಮಳೆಯ ಪಾಠ

ಮಗಳು ತೀರಿಕೊಂಡ ಸುದ್ದಿ ಬಂದ ದಿನದಿಂದ ಅವಳ ಮಾತನ್ನು ಇನ್ನೊಮ್ಮೆ ಕೇಳಬೇಕೆಂಬ ಆಸೆಯೊಂದೇ ನನ್ನಲ್ಲಿ ಉಳಿಯಿತು. ಮಕ್ಕಳಿಗೆ ಪಾಠ ಹೇಳಲು ಶಾಲೆಗೆ ಹೊರಟವಳನ್ನು ಲಾರಿ ಬಡಿದಿತ್ತು. ಅವಳ ಫೋನೂ ಪುಡಿಯಾಗಿತ್ತು.

ಮಣ್ಣು ಮಾಡಿ ಬಂದ ಮರುದಿನ, ಅವಳ ಶಾಲೆಗೆ ಹೊಸದಾಗಿ ಬಂದಿದ್ದ ಶಿಕ್ಷಕಿ ಶಾಂಭವಿ ಮನೆಗೆ ಬಂದಳು.

"ಕಾಕಾ, ಅಕ್ಕಾರು ಮಾಡಿದ ಪಾಠದ ವಿಡಿಯೋ ಎಲ್ಲಾ ಶಿಕ್ಷಕರ ಜಾಲತಾಣದಾಗ ಅದಾವ. ಎಷ್ಟೋ ಸಾಲಿಯವರು ಇಳಿಸ್ಕೊಂಡಾರ. ಅವರ ದನಿ ಎಲ್ಲಿಗೂ ಹೋಗಂಗಿಲ್ಲ."

ನಾನು ದೇವರ ಕಡೆ ತಿರುಗಿ ಕೈಮುಗಿದೆ. ಅವಳು ತನ್ನ ಫೋನಿನಲ್ಲಿ ಮಳೆಯ ಪಾಠ ತೆರೆದಳು. ಮಗಳು ಬಿಡಿಸಿದ ಮೋಡಗಳು ತೇಲಿದವು. ಮಾತಾಡಿದ್ದು ಗಂಡಸಿನ ದನಿ.

"ಇದು ಬೀದರಿನ ಮಾಸ್ತರರದು," ಎಂದು ಇನ್ನೊಂದು ತೆರೆದಳು. ಅವೇ ಮೋಡಗಳು, ಯಾರೋ ಹೆಣ್ಣುಮಗಳ ದನಿ. "ಇದು ಕಾರವಾರದ್ದು."

"ನನ್ನ ಮಗಳು ಹಾಕಿದ್ದನ್ನ ತಗಿಯವ್ವಾ."

ಹುಡುಕಿ ಹುಡುಕಿ ಕೊನೆಗೆ ಮಗಳ ಹೆಸರಿನದು ಸಿಕ್ಕಿತು. ಮೋಡಗಳು ತೇಲಿದವು, ಮಳೆ ಸುರಿಯಿತು, ಪಾಠ ಮುಗಿಯಿತು. ಸದ್ದೇ ಇರಲಿಲ್ಲ.

"ಫೋನ್ ಕೆಟ್ಟೈತೇನವ್ವಾ?"

ಅವಳು ಮಗಳ ಇನ್ನೂ ನಾಲ್ಕು ಪಾಠ ತೆರೆದು ನೋಡಿದಳು. "ಇಲ್ಲ ಕಾಕಾ. ಅಕ್ಕಾರು ಹಾಕಿದ್ದೆಲ್ಲಾ ಹಿಂಗ ಅದಾವ. ಕೆಳಗ ಬರದಾರ ನೋಡ್ರಿ."

ಅವಳೇ ಓದಿದಳು: "ಮಕ್ಕಳಿಗೆ ತಮ್ಮೂರ ಮಾತೇ ತಿಳಿಯುತ್ತದೆ. ನನ್ನ ದನಿ ಅಳಿಸಿದ್ದೇನೆ, ನಿಮ್ಮ ದನಿ ತುಂಬಿಕೊಳ್ಳಿ."

ಶಿವನೇ, ತನ್ನದೆಂದು ಏನನ್ನೂ ಇಟ್ಟುಕೊಳ್ಳದ ನನ್ನ ಕೂಸಿಗೆ ನಿನ್ನ ಪಾದದಲ್ಲಿ ಶಾಂತಿ ಕೊಡು.