ಗೌಡರ ಜಾಮೀನು

ಒಣಗಿದ ಜೋಳದ ಕಣಿಕೆ ಹೊತ್ತವರು ಮುಂದೆ, ಕೊಡಲಿ ಹಿಡಿದವರು ಹಿಂದೆ. ಅಗಸಿ ಓಣಿಯ ಕೊನೆಯ ಮನೆಗೆ ಬೆಂಕಿ ಹಚ್ಚಲು ಊರೇ ಹೊರಟಿತ್ತು. ಬಾಗಿಲಿಗೆ ಒಳಗಿನಿಂದ ಅಗುಳಿ ಬಿದ್ದಿತ್ತು. ಹೊರಗೆ ಕಟ್ಟೆಯ ಮೇಲೆ ಊರಗೌಡ ವೀರಪ್ಪ ಒಬ್ಬರೇ ಕುಳಿತಿದ್ದರು.

"ಏಳ್ರಿ ಗೌಡ್ರ," ಎಂದ ಉಳವಪ್ಪ. ತಲೆಯ ಮೇಲೆ ಕಣಿಕೆಯ ಹೊರೆ ಹೊತ್ತು ಅವನು ಎಲ್ಲರಿಗಿಂತ ಮುಂದಿದ್ದ.

"ಹಚ್ಚೂದಿದ್ರ ಹಚ್ಚು. ನಾ ಏಳೂದಿಲ್ಲ."

ಹಿಂದಿನ ದಿನ ಬೈಲಹೊಂಗಲ ರಸ್ತೆಯ ಸರ್ಕಾರಿ ಬಂಗಲೆಯಲ್ಲಿ ಬಾಂಬು ಸಿಡಿದಿತ್ತು. ಅಲ್ಲಿ ಇಳಿದುಕೊಳ್ಳಬೇಕಿದ್ದ ಸಾಹೇಬ ಮನಸ್ಸು ಬದಲಿಸಿ ಕಿತ್ತೂರಿನ ದಾರಿ ಹಿಡಿದಿದ್ದ. ಬಾಗಿಲು ತೆರೆದವನು ಕಾವಲುಗಾರ ಪರಸಪ್ಪ. ಅವನ ಹೆಂಡತಿ ರಾಚವ್ವನಿಗೆ ಗಂಡನ ಮುಖ ತೋರಿಸಲಿಲ್ಲ. ತೋರಿಸಲು ಮುಖ ಉಳಿದಿರಲಿಲ್ಲ.

ನಾಸಿಕದಲ್ಲಿ ಕಲೆಕ್ಟರನನ್ನು ಗುಂಡಿಕ್ಕಿ ಕೊಂದ ಸುದ್ದಿ ಆಗಿನ್ನೂ ಹಸಿಯಾಗಿತ್ತು. ಅದೆಲ್ಲ ದೂರದೂರಿನ ಮಾತು ಎಂದುಕೊಂಡಿದ್ದ ಜನಕ್ಕೆ ಈಗ ಗಡಿಗೆಯ ಮುಚ್ಚಳ ತೆಗೆಯಲೂ ಭಯ. ಊರಿನಲ್ಲಿ ಆ ಕಡೆಯ ಪುಣೆ ಕಂಡು ಬಂದವನು ಒಬ್ಬನೇ, ಈ ಕೊನೆಯ ಮನೆಯ ಮರೆವ್ವನ ಮಗ ಶಟ್ಟೆಪ್ಪ. ಅಲ್ಲಿಯ ಗಿರಣಿಯಲ್ಲಿ ದುಡಿದು ಸುಗ್ಗಿಗೆ ಮೊದಲು ಮರಳಿದ್ದ. ಬೇರೆ ಸಾಕ್ಷಿ ಯಾರಿಗೂ ಬೇಕಿರಲಿಲ್ಲ.

"ಬಾಂಬ್ ಇಟ್ಟಿದ್ದನ್ನ ಕಂಡಾವರು ಯಾರರೆ ಅದೀರೇನು? ಇದ್ರ ಮುಂದ ಬರ್ರಿ," ಎಂದರು ಗೌಡರು.

ಯಾರೂ ಬರಲಿಲ್ಲ.

"ಹಂಗಾರ ಕೇಳ್ರಿ. ಈ ಊರಾಗ ಇನ್ನೊಂದು ಸಿಡಿಯೂದಿಲ್ಲ. ಅದಕ್ಕ ನಾ ಜಾಮೀನು. ಸಿಡಿದ್ರ ಮೊದಲ ನನ್ನ ಮನಿ ಸುಡ್ರಿ."

ಉಳವಪ್ಪ ಹೊರೆ ಇಳಿಸಿದ. ಅವನ ಹಿಂದೆ ಉಳಿದವರೂ ಇಳಿಸಿದರು.

ಮರುದಿನ ತಾಲೂಕಿನಿಂದ ಫೌಜುದಾರ ಪೊಲೀಸ್ ತುಕಡಿಯೊಂದಿಗೆ ಬಂದ. ಚಾವಡಿಯಲ್ಲಿ ಕುಳಿತವನೇ ನೇರ ಮಾತಿಗೆ ಇಳಿದ. "ಒಂದು ಹೆಸರು ಕೊಡ್ರಿ ಗೌಡ್ರ. ಮುಂದಿಂದು ಆ ಓಣಿ ಗಂಡಸರ ಬೆನ್ನ ಮ್ಯಾಲ ನಾವ ಬರೀತೇವಿ. ಆ ಶಟ್ಟೆಪ್ಪ ಹೆಂಗ?"

ಗೌಡರು ಕೊರಳಿನ ಲಿಂಗ ಮುಟ್ಟಿದರು. "ಶಟ್ಟೆಪ್ಪನ ವಿಚಾರದಾಗ ನನಗ ಯಾವ ಅನುಮಾನಾನೂ ಇಲ್ರಿ."

ಅವರು ಲಿಂಗ ಮುಟ್ಟಿ ಮಾತಾಡಿದ್ದನ್ನು ಊರು ಹಿಂದೆಂದೂ ಕಂಡಿರಲಿಲ್ಲ. ಫೌಜುದಾರ ಹಲ್ಲು ಕಡಿದ, ಒಂದಿಷ್ಟು ಮನೆಗಳನ್ನು ಜಾಲಾಡಿಸಿದ, ಏನೂ ಸಿಗದೆ ತುಕಡಿ ಕಟ್ಟಿಕೊಂಡು ಹೋದ.

ಅಂದಿನಿಂದ ಗೌಡರು ದಿನಾ ಬೆಳಿಗ್ಗೆ ಮರೆವ್ವನ ಕಟ್ಟೆಗೆ ಬಂದು ಕೂಡತೊಡಗಿದರು. ಎಲ್ಲರೂ ನೋಡುವಂತೆ ಅವಳು ಕೊಟ್ಟ ನೀರು ಕುಡಿದರು, ರೊಟ್ಟಿ ತಿಂದರು. ತಾಟು ಕೊಡುವಾಗ ಮರೆವ್ವ ತಲೆ ಎತ್ತುತ್ತಿರಲಿಲ್ಲ. ಉಪಕಾರದ ಭಾರ ಅದು ಎಂದರು ಜನ. ಗೌಡರು ಶಟ್ಟೆಪ್ಪನನ್ನು ತಮ್ಮ ಹೊಲದ ಕೆಲಸಕ್ಕೇ ಇಟ್ಟುಕೊಂಡರು. ಮುರಗೋಡದ ಸಂತೆಗೆ ಹೋಗುವಾಗಲೂ ಅವನನ್ನು ಕರೆದುಕೊಂಡು, ಮುಂದೆ ಬಿಟ್ಟುಕೊಂಡು, ತಾವು ಹಿಂದೆ ನಡೆದರು. ಪುಣೆಗೆ ವಾಪಸು ಹೋಗುತ್ತೇನೆ ಎಂದು ಅವನು ಕೇಳಿದಾಗ ಒಪ್ಪಲಿಲ್ಲ.

"ನೀ ಹೋದ್ರ ಮಂದಿ ಏನ ತಿಳಕೋತಾರ? ಇಲ್ಲೇ ಇರು, ನನ್ನ ಕಣ್ಣ ಮುಂದ."

ಭಯ ಮೆಲ್ಲಗೆ ಕರಗಿತು. ಮಕ್ಕಳು ಶಾಲೆಗೆ ಹೋದರು. ಸಂತೆಯ ಗಾಡಿಗಳು ಮತ್ತೆ ಬಂಗಲೆಯ ಮುಂದೆಯೇ ಹಾದವು. ಹೂಲಿಯಲ್ಲಿ, ಕಟಕೋಳದಲ್ಲಿ ಜನ ಈ ಗೌಡರ ಹೆಸರು ಹೇಳಿ ತಮ್ಮ ಗೌಡರನ್ನು ಹಂಗಿಸಿದರು. ಶಟ್ಟೆಪ್ಪ ಮಾತ್ರ ಸೊರಗುತ್ತ ಹೋದ. ಅಪವಾದ ಅವನನ್ನು ತಿನ್ನುತ್ತಿದೆ ಎಂದು ಎಲ್ಲರೂ ಮರುಗಿದರು.

ಮರುಗದವಳು ರಾಚವ್ವ ಒಬ್ಬಳೇ. ಆ ಮನೆಯ ಮುಂದೆ ಹಾದಾಗಲೆಲ್ಲ ಮಣ್ಣು ತೂರಿ ಶಪಿಸುತ್ತಿದ್ದಳು. ಅವಳ ದನಿ ಕೇಳಿದಾಗ ಊರಿಗೆ ಮತ್ತೆ ಅಳುಕು. ಕೊನೆಗೆ ಗೌಡರೇ ಅವಳ ಮನೆಗೆ ಹೋದರು.

"ತಂಗೀ, ನಿನ್ನ ಬಾಯಿಂದ ಊರ ಗಾಯ ಮಾಯವಲ್ದು. ನನ್ನ ಮಾತಿನ ಮ್ಯಾಲ ನಿನಗ ನಂಬಿಕಿ ಐತಿಲ್ಲೋ?"

ರಾಚವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. "ನನಗ ಉಳಿದಿದ್ದು ಅದೊಂದ ನೋಡ್ರಿ, ಯಪ್ಪಾ."

ಮರುದಿನ ಬೆಳಿಗ್ಗೆ ಓಣಿಯ ಜನರೆಲ್ಲ ನೋಡುತ್ತಿದ್ದಂತೆ ಅವಳು ಬಂದು ಶಟ್ಟೆಪ್ಪನ ಎರಡೂ ಕಾಲು ಹಿಡಿದಳು.

"ತಪ್ಪಾತೋ ತಮ್ಮಾ. ಇಲ್ಲದ ಪಾಪ ನಿನ್ನ ತಲಿಗೆ ಕಟ್ಟಿದೆ. ಹೊಟ್ಟ್ಯಾಗ ಹಾಕ್ಕೋ."

ಅವನು ಹಿಂದೆ ಸರಿಯಲು ನೋಡಿದ. ಗೋಡೆ ಅಡ್ಡ ಬಂತು. ಉಳವಪ್ಪ ಟವೆಲ್ಲಿನಲ್ಲಿ ಕಣ್ಣೊರೆಸಿಕೊಂಡ. ಜನ ಹಗುರಾದ ಮನಸ್ಸಿನಿಂದ ಹೊಲಗಳಿಗೆ ಚದುರಿದರು. ರಾಚವ್ವ ಮುಖ ಮುಚ್ಚಿಕೊಂಡು ಹೊರಟುಹೋದಳು.

ಓಣಿ ಖಾಲಿಯಾದ ಮೇಲೆ ಶಟ್ಟೆಪ್ಪ ಕಟ್ಟೆಯ ಮೇಲೆ ಕುಳಿತಿದ್ದ ಗೌಡರ ಮುಂದೆ ಬಂದು ನಿಂತ.

"ನನ್ನ ಹಿಡಕೊಡ್ರಿ ಗೌಡ್ರ. ಸಾಹೇಬಗಂತ ಇಟ್ಟಿದ್ದೆ, ಪರಸಪ್ಪಣ್ಣ ಬಾಗಲಾ ತಗದ. ನಮ್ಮವ್ವ ಅವತ್ತ ಮಂದಿ ಮನಿ ಸುಡಾಕ ಬರೂ ಮೊದಲ ನಿಮ್ಮ ಮುಂದ ಎಲ್ಲಾ ಹೇಳಿದ್ಲು. ಆಗ ಯಾಕ ಹಿಡಕೊಡಲಿಲ್ಲ?"

"ಅವತ್ತ ಹಿಡಕೊಟ್ಟಿದ್ರ ನಿನ್ನ ಓಣಿ ಸುಡತಿತ್ತು," ಎಂದರು ಗೌಡರು. "ಇವತ್ತ ಹಿಡಕೊಟ್ರ ನನ್ನ ಮಾತು ಸುಡತೈತಿ. ಊರು ಈಗ ನಿಂತದ್ದು ಅದರ ಮ್ಯಾಲ."

"ನಾ ಕೊಂದೇನ್ರಿ."

"ಹೌದು. ಆಕಿ ಗಂಡನ್ನ ಕೊಂದಾಂವ ನೀ. ಆಕಿ ಕೈಲೆ ನಿನ್ನ ಕಾಲು ಹಿಡಿಸಿದಾಂವ ನಾ."