ಐದನೇ ಲೈಬ್ರರಿ

"ಇದೂ ಸರಿಯಿಲ್ಲಮ್ಮ. ಪುಕ್ಕಟೆ ಸಿಗೋದೆಲ್ಲ ಹೀಗೇ. ಇನ್ನೊಂದು ಹುಡುಕು," ಎಂದರು ಪ್ರೊಫೆಸರು.

ಸಂಶೋಧಕಿಗೆ ರೇಗಿಹೋಯಿತು. ಅವರ ಹೊಸ ಔಷಧಿಯ ಪ್ರಯೋಗದ ಅಂಕಿಅಂಶಗಳನ್ನು ವಿಶ್ಲೇಷಿಸಲು ಅವಳು ಒಂದು ವಾರದಿಂದ ಅಂತರಜಾಲ ಜಾಲಾಡಿ ಉಚಿತ ತಂತ್ರಾಂಶ ಲೈಬ್ರರಿಗಳನ್ನು, ಅಂದರೆ ಯಾರೋ ಬರೆದಿಟ್ಟ ಸಿದ್ಧ ಲೆಕ್ಕದ ಪ್ರೋಗ್ರಾಮುಗಳನ್ನು, ತಂದು ಹಾಕುತ್ತಿದ್ದಳು. ಒಂದಕ್ಕೆ ಕೈಪಿಡಿಯೇ ಇರಲಿಲ್ಲ. ಇನ್ನೊಂದನ್ನು ಕಂಪ್ಯೂಟರಿಗೆ ಒಗ್ಗಿಸುವಷ್ಟರಲ್ಲಿ ಎರಡು ದಿನ ಹೋಗಿತ್ತು. ಇದು ಐದನೆಯದು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ, ಸರ್," ಎಂದುಬಿಟ್ಟಳು. "ಐದನ್ನೂ ಬರೆದವರು ಬೇರೆ ಬೇರೆ. ಐದೂ ಒಂದೇ ಉತ್ತರ ಕೊಡ್ತಿವೆ. ನಿಮ್ಮ ಔಷಧಿ ತಗೊಂಡವರಿಗೂ ಬರೀ ಸಕ್ಕರೆ ಗುಳಿಗೆ ನುಂಗಿದವರಿಗೂ ಏನೂ ವ್ಯತ್ಯಾಸ ಇಲ್ಲ."

ಪ್ರೊಫೆಸರು ಕುರ್ಚಿ ಎಳೆದುಕೊಂಡು ಕುಳಿತರು. ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು.

"ಹನ್ನೆರಡು ವರ್ಷದ ಕೆಲಸ," ಎಂದರು. "ಮೊದಲನೇದು ಹೇಳಿದಾಗಲೇ ನಂಗೆ ಗೊತ್ತಾಗಿತ್ತಮ್ಮ."